ದೂರು: ಸಿ ಮತ್ತು ಡಿ ಬ್ಲಾಕ್‌ನವರಿಗೆ ಪ್ರತಿ ಏಟೂ ಎರಡು ಸಲ ಕೇಳಿಸಿದ ಕಾರ್ಯಕ್ರಮದ ಬಗ್ಗೆ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಕಾರ್ಯಕ್ರಮ ಆಯೋಜಕ ಸಂಸ್ಥೆ

ವಿಷಯ: ಬಯಲು ಸಂಗೀತ ಕಾರ್ಯಕ್ರಮದಲ್ಲಿ ಧ್ವನಿ ವ್ಯವಸ್ಥೆಯ ಲೋಪ, ಟಿಕೆಟ್ ಹಣ ಹಿಂತಿರುಗಿಸುವಂತೆ ಎರಡನೇ ಮನವಿ

ಮಾನ್ಯರೇ,

ನಮ್ಮ ಮೊದಲ ದೂರಿಗೆ ನೀವು ಕಳಿಸಿದ ಮೂರು ಸಾಲಿನ ಉತ್ತರ ತಲುಪಿದೆ. ಅಂದು ಸಂಜೆ ಗಾಳಿ ಬೀಸುತ್ತಿತ್ತು, ಬಯಲಿನಲ್ಲಿ ಧ್ವನಿ ಏರುಪೇರಾಗುವುದು ಸಹಜ ಎಂಬುದು ಅದರ ಸಾರ. ಗಾಳಿ ಬೀಸಿದ್ದು ನಿಜ. ಆದರೆ ಗಾಳಿಯ ಮೇಲೆ ಹೊರಿಸಿರುವ ತಪ್ಪು ಗಾಳಿಯದಲ್ಲ. ಕುಣಿಯಲಾರದವಳು ನೆಲ ಡೊಂಕೆಂದ ಹಾಗಾಯಿತು ಇದು. ಸಹಿ ಹಾಕಿದವರಲ್ಲಿ ಧ್ವನಿ ವ್ಯವಸ್ಥೆಯ ಕೆಲಸ ಬಲ್ಲವರೂ ಇರುವುದರಿಂದ, ಎಲ್ಲಿ ಏನು ತಪ್ಪಿತು, ಅದನ್ನು ಯಾವ ಹೊತ್ತಿಗೆ ಸರಿಪಡಿಸಬಹುದಿತ್ತು ಎಂಬುದನ್ನು ಲೆಕ್ಕ ಸಹಿತ ಬರೆಯುತ್ತಿದ್ದೇವೆ.

ಮೊದಲು ಜೋಡಿ ಸದ್ದಿನ ವಿಷಯ. ವೇದಿಕೆಯ ಎರಡು ಬದಿಗೆ ತೂಗುಹಾಕಿದ್ದ ಲೈನ್ ಅರೇ (ಒಂದರ ಕೆಳಗೊಂದು ಸಾಲಾಗಿ ಜೋಡಿಸಿದ) ಸ್ಪೀಕರ್‌ಗಳಲ್ಲದೆ, ಹಿಂದಿನವರಿಗಾಗಿ ಸುಮಾರು 70 ಮೀಟರ್ ದೂರದಲ್ಲಿ ಎರಡು ಡಿಲೇ ಟವರ್ (ಸದ್ದನ್ನು ತುಸು ತಡೆದು ಬಿಡಬೇಕಾದ ಸ್ಪೀಕರ್ ಗೋಪುರ) ನಿಲ್ಲಿಸಿದ್ದಿರಿ. ಈ ಟವರ್‌ಗೆ ಡಿಲೇ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸದ್ದು ತಂತಿಯಲ್ಲಿ ಹೆಚ್ಚುಕಡಿಮೆ ಆ ಕ್ಷಣವೇ ಟವರ್ ಸೇರುತ್ತದೆ. ಗಾಳಿಯಲ್ಲಿ ಮಾತ್ರ, 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ, ಸೆಕೆಂಡಿಗೆ ಸುಮಾರು 343 ಮೀಟರ್‌ನಂತೆ ಸಾಗುತ್ತದೆ. 70 ಮೀಟರ್ ದಾಟಲು 204 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಟವರ್‌ನ ಸದ್ದನ್ನು ತಡೆದು ಬಿಡದಿದ್ದರೆ, ಹಿಂದಿನವರಿಗೆ ಮೊದಲು ಟವರ್ ಕೇಳಿಸಿ, ಆಮೇಲೆ ವೇದಿಕೆ ಕೇಳಿಸುತ್ತದೆ. ಅಂತರ 50 ಮಿಲಿಸೆಕೆಂಡ್ ದಾಟಿದರೆ ಮಾತು ಎರಡಾಗಿ ಒಡೆಯತೊಡಗುತ್ತದೆ. ಡ್ರಮ್‌ನಂಥ ಚುರುಕು ಸದ್ದಿನಲ್ಲಿ ಅದಕ್ಕೂ ಮೊದಲೇ ಕಿವಿಗೆ ಗೊತ್ತಾಗುತ್ತದೆ.

ಸಿ ಮತ್ತು ಡಿ ಬ್ಲಾಕ್‌ಗಳಲ್ಲಿ ಬೇರೆ ಬೇರೆ ಸೀಟುಗಳಿಂದ ಫೋನ್‌ನಲ್ಲಿ ದಾಖಲಾದ ಆರು ತುಣುಕುಗಳು ಈ ಪತ್ರದೊಂದಿಗಿವೆ. ಹಾಡು ಶುರುವಾಗುವ ಮುನ್ನ ಡ್ರಮ್ ವಾದಕರು ಕೋಲಿಗೆ ಕೋಲು ಬಡಿದು ಲಯ ಕೊಡುವ ಜಾಗವನ್ನು ಯಾವುದಾದರೂ ಆಡಿಯೊ ಎಡಿಟರ್‌ನಲ್ಲಿ ಹಿಗ್ಗಿಸಿ ನೋಡಿ. ಪ್ರತಿ ಏಟಿಗೂ ಎರಡು ಶಿಖರ ಕಾಣುತ್ತದೆ. ನಡುವಿನ ಅಂತರ ಆರರಲ್ಲೂ 200 ಮಿಲಿಸೆಕೆಂಡ್‌ನ ಆಸುಪಾಸಿನಲ್ಲೇ ಇದೆ. ನಿಮಿಷಕ್ಕೆ 120 ಏಟಿನ ಹಾಡಿನಲ್ಲಿ ಏಟಿಗೂ ಏಟಿಗೂ ನಡುವೆ 500 ಮಿಲಿಸೆಕೆಂಡ್, ಅದರ ಅರ್ಧ 250, ಕಾಲು 125. ನಿಮ್ಮ 204 ಇವುಗಳಲ್ಲಿ ಯಾವುದಕ್ಕೂ ಕೂಡುವುದಿಲ್ಲ. ಹಾಗಾಗಿ ಅದು ಪ್ರತಿಧ್ವನಿಯಂತೆಯೂ ಕೇಳಿಸದೆ, ತಾಳ ತಪ್ಪಿದ ಇನ್ನೊಬ್ಬ ವಾದಕ ಪಕ್ಕದಲ್ಲಿ ಕೂತು ನುಡಿಸಿದಂತೆ ಕೇಳಿಸಿತು. ವೇದಿಕೆಯ ಮೇಲಿದ್ದವರು ತಾಳ ತಪ್ಪಿರಲಿಲ್ಲ. ಕಲಾವಿದರ ಬಗ್ಗೆ ನಮ್ಮ ದೂರಿಲ್ಲ.

ಇನ್ನು ಗಾಳಿಯ ಲೆಕ್ಕ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ, ಅಂದರೆ ಗಂಟೆಗೆ 18 ಕಿಲೋಮೀಟರ್, ವೇದಿಕೆಯಿಂದ ಜನರತ್ತ ಬೀಸಿದರೆ ಆ 204 ಮಿಲಿಸೆಕೆಂಡ್ 201 ಆಗುತ್ತದೆ. ಎದುರು ಬೀಸಿದರೆ 207. ಉಷ್ಣಾಂಶ 10 ಡಿಗ್ರಿ ಏರಿದರೂ ಕಡಿಮೆಯಾಗುವುದು ಮೂರೂವರೆ ಮಿಲಿಸೆಕೆಂಡ್ ಮಾತ್ರ. ಗಾಳಿ ಮಾಡುವ ಕೆಡುಕು ಬೇರೆ ಬಗೆಯದು: ತಾರಸ್ವರಗಳು ಅಲೆ ಅಲೆಯಾಗಿ ಬಂದು ಹೋಗುತ್ತವೆ, ಸಿಂಬಲ್‌ನ ಸದ್ದು ಒಮ್ಮೆ ಹೊಳೆದು ಒಮ್ಮೆ ಮಂಕಾಗುತ್ತದೆ. ಅದೂ ಅಂದು ಸ್ವಲ್ಪ ಇತ್ತು, ಅದನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಕಾರ್ಯಕ್ರಮದುದ್ದಕ್ಕೂ ಕದಲದೆ ನಿಂತ 200 ಮಿಲಿಸೆಕೆಂಡ್‌ಗೆ ಒಂದೇ ಅರ್ಥ: ಟವರ್‌ಗೆ ಹೋಗುವ ಔಟ್‌ಪುಟ್‌ನಲ್ಲಿ ಡಿಲೇ ಸೊನ್ನೆಯಲ್ಲೇ ಉಳಿದಿತ್ತು.

ಅದನ್ನು ಹೊಂದಿಸುವುದು ದೊಡ್ಡ ವಿದ್ಯೆಯೂ ಅಲ್ಲ. ಅಳತೆಯ ಮೈಕ್ ಮತ್ತು ವಿಶ್ಲೇಷಣಾ ಸಾಫ್ಟ್‌ವೇರ್ ಇದ್ದರೆ ಟವರ್‌ನ ಮುಂದೆ ನಿಂತು ಎರಡೂ ಸದ್ದು ಬರುವ ಹೊತ್ತನ್ನು ನೇರವಾಗಿ ಓದಿಕೊಳ್ಳಬಹುದು. ಅದೂ ಇಲ್ಲವೆಂದರೆ ಲೇಸರ್ ಅಳತೆಗೋಲು ಸಾಕು. ವೇದಿಕೆಯ ಸ್ಪೀಕರ್‌ನಿಂದ ಟವರ್‌ಗೆ ಎಷ್ಟು ಮೀಟರ್ ಎಂದು ಅಳೆದು, 343ರಿಂದ ಭಾಗಿಸಿ, ಸಾವಿರದಿಂದ ಗುಣಿಸಿದರೆ ಮಿಲಿಸೆಕೆಂಡ್ ಸಿಗುತ್ತದೆ. ವೇದಿಕೆಯ ಸದ್ದೇ ಮೊದಲು ತಲುಪಲೆಂದು ಅದಕ್ಕೆ 10ರಿಂದ 15 ಸೇರಿಸಬೇಕು. ಮೊದಲು ತಲುಪಿದ ಸದ್ದು ಯಾವ ದಿಕ್ಕಿನಿಂದ ಬಂದಿತೋ ಇಡೀ ಧ್ವನಿ ಅಲ್ಲಿಂದಲೇ ಬಂದಂತೆ ಕಿವಿ ಭಾವಿಸುತ್ತದೆ. ಧ್ವನಿ ವಿಜ್ಞಾನಿ ಹೆಲ್ಮುಟ್ ಹಾಸ್ 1949ರಲ್ಲಿ ಇದರ ಬಗ್ಗೆಯೇ ಪ್ರಬಂಧ ಬರೆದದ್ದು. ಹೀಗೆ ಮಾಡಿದರೆ ಟವರ್ ಇರುವುದೇ ಗೊತ್ತಾಗದೆ ಹಾಡು ವೇದಿಕೆಯಿಂದಲೇ ಸ್ಪಷ್ಟವಾಗಿ ಬಂದಂತೆ ಕೇಳಿಸುತ್ತದೆ. ಎರಡು ಟವರ್‌ಗೂ ಸೇರಿ ಅರ್ಧ ಗಂಟೆಯ ಕೆಲಸ.

ಹಾಗಾದರೆ ಧ್ವನಿ ಹೊಂದಿಸುವ ಮಿಕ್ಸರ್ ಮುಂದೆ ಕೂತವರಿಗೆ ಇದು ಏಕೆ ಕೇಳಿಸಲಿಲ್ಲ? ಅವರ ಡೇರೆ ಇದ್ದದ್ದು ವೇದಿಕೆಯಿಂದ 40 ಮೀಟರ್ ದೂರದಲ್ಲಿ, ಟವರ್‌ಗಿಂತ ಮುಂದೆ. ಟವರ್ ಸ್ಪೀಕರ್‌ಗಳ ಬೆನ್ನು ಅವರ ಕಡೆಗಿತ್ತು. ಅಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸಿರಬೇಕು. ಅದಕ್ಕೇ ಗೇಟು ತೆರೆಯುವ ಮೊದಲು ಒಬ್ಬರು ಮೈದಾನದ ಕೊನೆಯ ಸಾಲಿನವರೆಗೆ ನಡೆದು ಕೇಳಿ ಬರಬೇಕೆನ್ನುವುದು. ಅಂದು ಯಾರೂ ನಡೆದಂತಿಲ್ಲ. ಜನ ಒಳಗೆ ಬರುತ್ತಿದ್ದಾಗಲೂ ವೇದಿಕೆಯ ಸ್ಪೀಕರ್‌ಗಳಲ್ಲಿ ಸ್ಪೀಕರ್ ಪರೀಕ್ಷೆಗೆ ಬಳಸುವ ಪಿಂಕ್ ನಾಯ್ಸ್‌ನ ‘ಶ್’ ಸದ್ದು ಬರುತ್ತಿತ್ತು, ಆ ಹೊತ್ತಿಗೆ ಟವರ್‌ಗಳು ಮೌನವಾಗಿದ್ದವು. ಕಟ್ಟುವ ಕೆಲಸ ತಡವಾಗಿ, ಆ ತಡ ಧ್ವನಿ ಹೊಂದಿಸುವ ಹೊತ್ತನ್ನು ನುಂಗಿದೆ. ಸ್ಪೀಕರ್ ತೂಗುಹಾಕಿ ಕೇಬಲ್ ಎಳೆದಾದ ಮೇಲೆ ಪ್ರತಿ ಲೈನ್ ಪರೀಕ್ಷೆ, ಆಮೇಲೆ ವ್ಯವಸ್ಥೆಯ ಹೊಂದಾಣಿಕೆ, ಕೊನೆಗೆ ಕಲಾವಿದರೊಂದಿಗೆ ಸೌಂಡ್ ಚೆಕ್. ಹೊತ್ತು ಸಾಲದಾದಾಗ ಎಲ್ಲ ಕಡೆಯೂ ಕತ್ತರಿ ಬೀಳುವುದು ಮಧ್ಯದ ಹೊಂದಾಣಿಕೆಗೆ, ಏಕೆಂದರೆ ಅದನ್ನು ಬಿಟ್ಟರೂ ಸದ್ದೇನೋ ಬರುತ್ತದೆ.

ಈ ಒಂದು ತಪ್ಪಿನ ಹಿಂದೆ ಇನ್ನೆರಡು ಬಂದವು. ಹಿಂದಿನವರು ಕೂಗಾಡಿದ್ದು ತಲುಪಿತೋ ಏನೋ, ಮೂರನೇ ಹಾಡಿನ ಹೊತ್ತಿಗೆ ಟವರ್‌ನ ಸದ್ದು ತಗ್ಗಿತು, ವೇದಿಕೆಯದು ಏರಿತು. ಹಿಂದಿನವರಿಗೆ ಕೇಳಿಸಲೆಂದು ಮುಂದಿನವರ ಕಿವಿಗೆ ಬಡಿದಂತಾಯಿತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಇಂಥ ಕಾರ್ಯಕ್ರಮಗಳಿಗೆ 15 ನಿಮಿಷದ ಸರಾಸರಿ 100 ಡೆಸಿಬಲ್ ಮೇಲ್ಮಿತಿ. ಮಟ್ಟವನ್ನು ಸತತವಾಗಿ ಅಳೆದು ದಾಖಲಿಸಬೇಕು, ಸದ್ದು ತಗ್ಗಿಸಲು ಕಿವಿಗಿಡುವ ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ಬಿಡುವು ಕೊಡಲು ನಿಶ್ಶಬ್ದದ ಜಾಗ ಇರಬೇಕು. ಎ ಬ್ಲಾಕ್‌ನ ಬೇಲಿಯ ಬಳಿ ಫೋನ್ ಆ್ಯಪ್‌ಗಳು ಇದಕ್ಕಿಂತ ಹೆಚ್ಚನ್ನೇ ತೋರಿಸಿದವು. ಫೋನ್‌ನ ಅಳತೆ ಪ್ರಮಾಣವಲ್ಲ ಎಂದು ನಮಗೂ ಗೊತ್ತು. ಆದ್ದರಿಂದ ನಿಮ್ಮ ಮಿಕ್ಸರ್ ಬಳಿಯ ದಾಖಲೆಯನ್ನು ಕೇಳುತ್ತಿದ್ದೇವೆ. ಇಯರ್‌ಪ್ಲಗ್ ಎಲ್ಲಿ ಸಿಗುತ್ತದೆಂದು ಕೇಳಿದವರಿಗೆ ನಿಮ್ಮ ಸ್ವಯಂಸೇವಕರು ಇಯರ್‌ಫೋನ್ ಅಂಗಡಿಯ ದಾರಿ ತೋರಿಸಿದರು.

ಎರಡನೆಯದು ಪರದೆ. ಕ್ಯಾಮೆರಾದಿಂದ ಎಲ್‌ಇಡಿ ಗೋಡೆಗೆ ಚಿತ್ರ ತಲುಪಲು ಮೂರು ಫ್ರೇಮ್ ಹಿಡಿದರೂ, ಸೆಕೆಂಡಿಗೆ 25 ಫ್ರೇಮ್‌ನ ಲೆಕ್ಕದಲ್ಲಿ 120 ಮಿಲಿಸೆಕೆಂಡ್ ತಡ. ಸದ್ದು ಚಿತ್ರಕ್ಕಿಂತ ಸುಮಾರು 125 ಮಿಲಿಸೆಕೆಂಡ್ ಹಿಂದೆ ಬಿದ್ದರೂ ನೋಡುವವರು ಗಮನಿಸುವುದಿಲ್ಲ, 45 ಮುಂದೆ ಬಂದರೆ ಗಮನಿಸುತ್ತಾರೆ. ಪ್ರಸಾರ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಂಕಿ ಇದು. ತಡೆಯಿಲ್ಲದ ಟವರ್‌ನ ಬುಡದಲ್ಲಿ ಸದ್ದು 120 ಮಿಲಿಸೆಕೆಂಡ್ ಮುಂದಿತ್ತು, ಗಾಯಕಿ ಬಾಯಿ ತೆರೆಯುವ ಮೊದಲೇ ಹಾಡು ಬಂದಿತ್ತು. ಟವರ್‌ಗೆ 204ರ ಮೇಲೆ 12 ಸೇರಿಸಿ 216 ಮಿಲಿಸೆಕೆಂಡ್ ಕೊಟ್ಟಿದ್ದರೆ ಅಲ್ಲಿ ಸದ್ದು ಚಿತ್ರಕ್ಕಿಂತ 96 ಹಿಂದೆ ಬಿದ್ದು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಬಾಸ್‌ನ ಗೊಂದಲ ಬೇರೆಯದು. ಬಾಸ್ ಹೊರಡಿಸುವ ಸಬ್ ವೂಫರ್ ಪೆಟ್ಟಿಗೆಗಳನ್ನು ವೇದಿಕೆಯ ಎಡಕ್ಕೊಂದು, ಬಲಕ್ಕೊಂದು ಗುಡ್ಡೆ ಹಾಕಿದ್ದಿರಿ. 60 ಹರ್ಟ್ಸ್ ಅಲೆಯ ಉದ್ದ 5.7 ಮೀಟರ್. ಎರಡು ಗುಡ್ಡೆಗಳಿಂದ ಇರುವ ದೂರದಲ್ಲಿ ಅದರ ಅರ್ಧ, ಅಂದರೆ 2.85 ಮೀಟರ್ ವ್ಯತ್ಯಾಸವಿರುವ ಸೀಟಿನಲ್ಲಿ ಒಂದರ ಅಲೆ ಇನ್ನೊಂದನ್ನು ಅಳಿಸುತ್ತದೆ. ಮಧ್ಯದ ಹಾದಿಯಲ್ಲಿ ನಿಂತವರ ಎದೆ ನಡುಗುತ್ತಿದ್ದಾಗ, ಕೆಲವೇ ಹೆಜ್ಜೆ ಪಕ್ಕದಲ್ಲಿ ಬಾಸ್ ಗಿಟಾರ್ ಮಾಯವಾಗಿತ್ತು. ಅವೇ ಪೆಟ್ಟಿಗೆಗಳನ್ನು ವೇದಿಕೆಯ ಮುಂದೆ ಎರಡು ಮೀಟರ್ ಮೀರದ ಅಂತರದಲ್ಲಿ ಸಾಲಾಗಿಟ್ಟು, ಅಂಚಿನವಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು ಡಿಲೇ ಕೊಟ್ಟಿದ್ದರೆ ಹಂಚಿಕೆ ಇದಕ್ಕಿಂತ ಎಷ್ಟೋ ಸಮನಾಗಿರುತ್ತಿತ್ತು. ಹೊಸ ಸಾಮಾನು ಒಂದೂ ಬೇಕಿರಲಿಲ್ಲ.

ಗಾಯಕಿ ಜನರ ನಡುವಿನ ರ್‍ಯಾಂಪ್‌ಗೆ ಬಂದಾಗಲೆಲ್ಲ ಮೈಕ್ ಕಿರುಚಿತು. ರ್‍ಯಾಂಪ್ ಮುಖ್ಯ ಸ್ಪೀಕರ್‌ಗಳ ಎದುರಿಗೇ ಇದ್ದರೆ, ಸ್ಪೀಕರ್‌ನ ಸದ್ದೇ ಮತ್ತೆ ಮೈಕ್‌ಗೆ ಹೊಕ್ಕು ಕಿರುಚದೆ ಇನ್ನೇನು? ಅದು ವೇದಿಕೆಯ ನಕ್ಷೆಯಲ್ಲೇ ಇದ್ದ ಸಂಗತಿ. ಸ್ಪೀಕರ್‌ಗಳ ಕೋನ, ರ್‍ಯಾಂಪ್ ಬದಿಯ ಫ್ರಂಟ್ ಫಿಲ್‌ಗಳ (ಮುಂದಿನ ಸಾಲಿನವರಿಗಾಗಿ ಇಡುವ ಚಿಕ್ಕ ಸ್ಪೀಕರ್‌ಗಳ) ಮಟ್ಟ ಎರಡನ್ನೂ ಮೊದಲೇ ನೋಡಿಕೊಳ್ಳಬೇಕಿತ್ತು. ಜೊತೆಗೆ ಹಿನ್ನೆಲೆ ಗಾಯಕರು ಹಾಡದಿದ್ದಾಗಲೂ ಅವರ ಮೈಕ್‌ಗಳು ತೆರೆದೇ ಇದ್ದವು, ಮಾತು-ಕೆಮ್ಮು ಎಲ್ಲ ಕೇಳಿಸಿತು. ತೆರೆದ ಮೈಕ್‌ಗಳ ಸಂಖ್ಯೆ ದುಪ್ಪಟ್ಟಾದಂತೆ ಕಿರುಚುವ ಮುನ್ನ ಸಿಗುವ ಸದ್ದಿನಲ್ಲಿ 3 ಡೆಸಿಬಲ್ ಕಡಿಮೆಯಾಗುತ್ತದೆ. ಎರಡರ ಬದಲು ಎಂಟು ತೆರೆದಿಟ್ಟರೆ 6 ಡೆಸಿಬಲ್ ಹೋಯಿತು. ಕೊನೆಗೆ ಕಿರುಚು ತಡೆಯಲು ಈಕ್ವಲೈಜರ್‌ನಲ್ಲಿ ಗಾಯಕಿಯ ದನಿಯನ್ನೇ ಕೊರೆದು ಕೊರೆದು, ಕಂಬಳಿಯ ಒಳಗಿಂದ ಹಾಡಿದಂತೆ ಮಾಡಿದಿರಿ.

ವೈರ್‌ಲೆಸ್ ಮೈಕ್ ನಾಲ್ಕು ಸಲ ಕಡಿದುಹೋಯಿತು. ರಿಸೀವರ್‌ನ ಆಂಟೆನಾಗಳು ಎಲ್‌ಇಡಿ ಗೋಡೆಯ ಹಿಂದಿದ್ದವು. ಆ ಗೋಡೆ ಲೋಹದ್ದು, ಸಾಲದ್ದಕ್ಕೆ ಅದೇ ರೇಡಿಯೊ ಗದ್ದಲ ಎಬ್ಬಿಸುತ್ತದೆ. ಮೈಕ್ ಕಣ್ಣಿಗೆ ಕಾಣುವ ಕಡೆ, ವೇದಿಕೆಯ ಬದಿಯಲ್ಲಿ ಎತ್ತರದ ಸ್ಟ್ಯಾಂಡ್‌ಗೆ ಕಟ್ಟಿದ್ದರೆ ಮುಗಿಯುತ್ತಿತ್ತು.

ಮಿಕ್ಸರ್ ಡೇರೆಯ ನೇರ ಹಿಂದಿನ ಸೀಟುಗಳಿಂದ ವೇದಿಕೆಯೇ ಕಾಣಲಿಲ್ಲ. ನೋಟಕ್ಕೆ ಅಡ್ಡಿ ಇದೆ ಎಂದು ಟಿಕೆಟ್‌ನಲ್ಲಾಗಲಿ ಸೀಟು ನಕ್ಷೆಯಲ್ಲಾಗಲಿ ಬರೆದಿರಲಿಲ್ಲ. ಡೇರೆ ಎಲ್ಲಿ ಬರುತ್ತದೆಂದು ಗೊತ್ತಿದ್ದೇ ಮಾರಿದ ಸೀಟುಗಳಿವು. ಇದಕ್ಕೆ ಹೆಚ್ಚಿನ ವಿವರಣೆ ಬೇಡವೆಂದುಕೊಳ್ಳುತ್ತೇವೆ.

ನಾವು ಕೇಳುವುದು ಇಷ್ಟು. ಡೇರೆಯ ಹಿಂದಿನ ಸೀಟುಗಳವರಿಗೆ ಪೂರ್ತಿ ಹಣ. ಸಿ ಮತ್ತು ಡಿ ಬ್ಲಾಕ್‌ನವರಿಗೆ ಅರ್ಧ ಹಣ, ಬುಕಿಂಗ್ ಶುಲ್ಕವೂ ಸೇರಿ. ಮುಂದಿನ ಕಾರ್ಯಕ್ರಮಕ್ಕೆ ರಿಯಾಯಿತಿ ಕೂಪನ್ ಕೊಡುವ ಯೋಚನೆ ಇದ್ದರೆ ದಯವಿಟ್ಟು ಕೈಬಿಡಿ. ಅದೇ ಟವರ್‌ನ ಬುಡದಲ್ಲಿ ಇನ್ನೊಮ್ಮೆ ಕೂರಲು ಯಾರಿಗೂ ಮನಸ್ಸಿಲ್ಲ. ಇದರೊಂದಿಗೆ ಡಿಲೇ ಮುಂತಾದವನ್ನು ಹೊಂದಿಸುವ ಸ್ಪೀಕರ್ ಪ್ರೊಸೆಸರ್‌ನ ಅಂದಿನ ಸೆಟ್ಟಿಂಗ್ ಫೈಲ್, ಧ್ವನಿ ಮಟ್ಟದ ದಾಖಲೆ, ಕಟ್ಟುವ ಕೆಲಸ ಮುಗಿದ ಹೊತ್ತು ಮತ್ತು ಗೇಟು ತೆರೆದ ಹೊತ್ತು ತೋರಿಸುವ ವೇಳಾಪಟ್ಟಿ, ಈ ಮೂರರ ಪ್ರತಿ ಕೊಡಿ. ಟವರ್‌ನ ಔಟ್‌ಪುಟ್‌ನಲ್ಲಿ ಸೊನ್ನೆಯಲ್ಲದೆ 200ರ ಆಸುಪಾಸಿನ ಅಂಕಿ ಕಂಡರೆ ನಾವು ಹೇಳಿದ್ದು ತಪ್ಪೆಂದು ಒಪ್ಪಿ ಜೋಡಿ ಸದ್ದಿನ ದೂರನ್ನು ಹಿಂತೆಗೆದುಕೊಳ್ಳುತ್ತೇವೆ. ಫೈಲ್ ಉಳಿಸಿಲ್ಲ ಎಂಬ ಉತ್ತರವಾದರೆ, ಹಾಗೆಂದು ಧ್ವನಿ ಗುತ್ತಿಗೆದಾರರಿಂದ ಲಿಖಿತವಾಗಿ ಪಡೆದು ಕಳಿಸಿ.

ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರಲಿ. ಬಾರದಿದ್ದರೆ ಈ ಪತ್ರ, ಆರು ತುಣುಕುಗಳು ಮತ್ತು ನಿಮ್ಮ ಮೂರು ಸಾಲಿನ ಉತ್ತರ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುತ್ತವೆ.

ಇತಿ,
ಸಿ ಮತ್ತು ಡಿ ಬ್ಲಾಕ್‌ನ ಟಿಕೆಟ್‌ದಾರರು
(ಸಹಿಗಳು ಮತ್ತು ಟಿಕೆಟ್ ಸಂಖ್ಯೆಗಳು ಹಿಂಬದಿಯಲ್ಲಿ)