ಶಾಸಕರೇ, ತಾಲ್ಲೂಕು ಆಫೀಸಿನ ಬಾಗಿಲಲ್ಲಿ ಒಂದು ಬೋರ್ಡ್ ಹಾಕಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದವಳು. ಮನೆಯಲ್ಲಿ ಹೊಲಿಗೆ ಹಾಕಿ ಸಂಸಾರ ನಡೆಸುತ್ತೇನೆ. ನನ್ನ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಒಬ್ಬನೇ ನಡೆಯಲು ಆಗುವುದಿಲ್ಲ, ಮಾತು ತೊದಲುತ್ತದೆ. ಬುದ್ಧಿ ಮಾತ್ರ ಚೂಪು, ನಾವು ಆಡುವ ಒಂದೊಂದು ಮಾತೂ ಅವನಿಗೆ ಅರ್ಥವಾಗುತ್ತದೆ.

ನನಗೆ ಆದದ್ದನ್ನು ಒಂದು ವರ್ಷದ ಮೇಲೆ ನುಂಗಿಕೊಂಡು ಕೂತಿದ್ದೆ. ಹೋಗಲಿ, ಮುಗಿಯಿತಲ್ಲ ಅಂತ. ಆದರೆ ಕಳೆದ ಸೋಮವಾರ ನಮ್ಮ ಹಿಂದಿನ ಬೀದಿಯ ಹುಡುಗಿಯೊಬ್ಬಳು ತನ್ನ 3 ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಮನೆಗೆ ಬಂದಳು. ಮಗುವಿಗೆ ಕಿವಿ ಕೇಳಿಸುವುದಿಲ್ಲ. "ಅಕ್ಕಾ, ತಾಲ್ಲೂಕು ಆಫೀಸ್ ಎದುರಿನ ಜೆರಾಕ್ಸ್ ಅಂಗಡಿಯವರು ಅಂಗವಿಕಲರ ಕಾರ್ಡು, ಮಾಸಾಶನ ಎಲ್ಲಾ ಮಾಡಿಸಿಕೊಡ್ತೀನಿ ಅಂದ್ರು. 6 ಸಾವಿರ ಕೇಳಿದಾರೆ. 2 ಸಾವಿರ ಕೊಟ್ಟು ಬಂದಿದ್ದೀನಿ, ಉಳಿದಿದ್ದಕ್ಕೆ ಸಂಘದಲ್ಲಿ ಸಾಲ ತೆಗೀಲಾ?" ಅಂತ ಕೇಳಿದಳು. ಅದೇ ಅಂಗಡಿ. ಅದೇ ಮನುಷ್ಯ. ನನ್ನಿಂದ 6,500 ರೂಪಾಯಿ ಕಿತ್ತವನು. ಅವತ್ತು ರಾತ್ರಿ ಮಿಷನ್ ಮುಂದೆ ಕೂತರೂ ಕೈ ಓಡಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೇ ಅಲ್ವಾ ಈ ಹುಡುಗಿಯೂ ಹೋಗಿ ಅಲ್ಲೇ ಬಿದ್ದಿದ್ದು ಅಂತ ಅನ್ನಿಸಿತು. ಅದಕ್ಕೇ ಈ ಪತ್ರ.

ನಿಮಗೆ ಕಾನೂನು ನಾನು ಹೇಳಿಕೊಡಬೇಕಾಗಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. 21 ಬಗೆಯ ಅಂಗವೈಕಲ್ಯ ಅದರಲ್ಲಿದೆ, 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಇರುವವರಿಗೆ ಸವಲತ್ತು ಅಂತಿದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಲು ಸರ್ಕಾರ ಒಂದು ಪೈಸೆಯನ್ನೂ ಕೇಳುವುದಿಲ್ಲ. ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ ಕೊಡಬೇಕು. ಇದೆಲ್ಲ ನಿಮಗೆ ಗೊತ್ತು, ನಿಮ್ಮ ಪಿಎಗೂ ಗೊತ್ತು. ನಮಗೆ ಗೊತ್ತಿಲ್ಲ. ಗೊತ್ತಾಗುವ ಹಾಗೆ ಒಂದು ಕಡೆಯಾದರೂ ಬರೆದು ಹಾಕಿದ್ದಾರಾ, ನೀವೇ ಒಮ್ಮೆ ಹೋಗಿ ನೋಡಿ.

ನನ್ನ ಮಗನಿಗೆ 2023ರ ಜುಲೈನಲ್ಲಿ 18 ತುಂಬಿತು. ಚಿಕ್ಕವನಿದ್ದಾಗ ಕೊಟ್ಟದ್ದು ತಾತ್ಕಾಲಿಕ ಪ್ರಮಾಣಪತ್ರ, ಅದರ ಅವಧಿ ಮುಗಿದಿತ್ತು. ಆಗಸ್ಟ್‌ನಿಂದ 800 ರೂಪಾಯಿ ಮಾಸಾಶನ ನಿಂತಿತು. ನಿಲ್ಲಿಸುತ್ತೇವೆ ಅಂತ ಒಂದು ಚೀಟಿ ಬರಲಿಲ್ಲ. ಎರಡು ತಿಂಗಳು ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿ ಹಾಕಿಸಿ ನೋಡಿದೆ. ಆಮೇಲೆ ತಾಲ್ಲೂಕು ಆಫೀಸಿಗೆ ಹೋದೆ. ಅಲ್ಲಿ ಕಿಟಕಿಯ ಹಿಂದೆ ಕೂತವರು ತಲೆ ಎತ್ತದೆ "ಸರ್ಟಿಫಿಕೇಟ್ ರಿನ್ಯೂ ಮಾಡಿಸ್ಕೊಂಡು ಬಾಮ್ಮ" ಅಂದರು. ಎಲ್ಲಿ ಮಾಡಿಸೋದು ಸರ್ ಅಂದೆ. "ಆನ್‌ಲೈನ್." ಆನ್‌ಲೈನ್ ಅಂದರೆ ಎಲ್ಲಿ? ಅವರು ಕೈ ತೋರಿಸಿದ್ದು ರಸ್ತೆಯ ಆಚೆಗೆ. ಆ ಜೆರಾಕ್ಸ್ ಅಂಗಡಿಗೆ.

ಸರ್ಕಾರಿ ಕಚೇರಿಯಲ್ಲಿ ಕೂತವರೇ ಬೆರಳು ಮಾಡಿ ತೋರಿಸಿದ ಮೇಲೆ ನನ್ನಂಥವಳು ಏನೆಂದು ತಿಳಿಯಬೇಕು ಸರ್? ಇವನು ಸರ್ಕಾರದ ಕಡೆಯವನೇ ಅಂದುಕೊಂಡೆ. ಅಂಗಡಿಯಲ್ಲಿ ಕಂಪ್ಯೂಟರ್ ಇತ್ತು, ಗೋಡೆಯ ಮೇಲೆ ನಿಮ್ಮ ಜೊತೆ ಅವನು ನಿಂತ ಫೋಟೋ ಇತ್ತು. ನಿಮ್ಮ ಜೊತೆ ಎಷ್ಟೋ ಜನ ಫೋಟೋ ತೆಗೆಸಿಕೊಳ್ಳುತ್ತಾರೆ, ಅದು ನಿಮ್ಮ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಆ ಫೋಟೋ ನೋಡಿಯೇ ನಾನು ದುಡ್ಡು ಕೊಟ್ಟೆ. ಇದು ನಿಮಗೆ ತಿಳಿದಿರಲಿ.

4,500 ತೆಗೆದುಕೊಂಡ. ಒರಿಜಿನಲ್ ಪ್ರಮಾಣಪತ್ರವನ್ನೂ ಇಟ್ಟುಕೊಂಡ. ರಸೀದಿ ಇಲ್ಲ. ಫೋನ್ ನಂಬರ್ ಕೇಳಲೇ ಇಲ್ಲ, ಅದು ನನಗೆ ಆಗ ಹೊಳೆಯಲೂ ಇಲ್ಲ. ಅರ್ಜಿಯಲ್ಲಿ ಹಾಕಿದ್ದು ಅವನದೇ ನಂಬರು. ಇದೇ ಅವನ ಬಂಡವಾಳ ಸರ್. ಆಸ್ಪತ್ರೆಯಿಂದ ಬರುವ ಮೆಸೇಜು, ಒಟಿಪಿ, ಎಲ್ಲವೂ ಅವನ ಜೇಬಿನಲ್ಲಿರುವ ಫೋನಿಗೆ ಬರುತ್ತದೆ. ನಮ್ಮ ಮಕ್ಕಳ ಅರ್ಜಿಯ ಬೀಗದ ಕೈ ಅವನ ಹತ್ತಿರ.

ಇನ್ನೊಂದು ಮಾತೂ ಆಡಿದ. "ಅಂಗವೈಕಲ್ಯ 70 ಪರ್ಸೆಂಟ್ ಇದೆಯಲ್ಲಮ್ಮ, 75 ದಾಟಿಸಿದರೆ 800ರ ಬದಲು 1,400 ಬರುತ್ತೆ. ಇನ್ನು 5 ಸಾವಿರ ಕೊಡಿ, ನಾನು ಮಾತಾಡ್ತೀನಿ" ಅಂದ. ಬೇಡ ಅಂದೆ. ನನಗೆ ಆಗ ಕಾನೂನು ಗೊತ್ತಿರಲಿಲ್ಲ, ಸುಮ್ನೆ ಮನಸ್ಸು ಒಪ್ಪಲಿಲ್ಲ ಅಷ್ಟೇ. ಸುಳ್ಳು ಹೇಳಿ ಸವಲತ್ತು ಪಡೆದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಂತ ಅದೇ ಕಾಯ್ದೆಯಲ್ಲಿದೆ ಅಂತ ಆಮೇಲೆ ತಿಳಿಯಿತು. ಆಸೆ ತೋರಿಸಿದವನು ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗುತ್ತಿದ್ದ, ಕೋರ್ಟಿಗೆ ನಾವು ಅಲೆಯಬೇಕಾಗುತ್ತಿತ್ತು. ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನ ತಾಯಂದಿರು ಗೊತ್ತಿಲ್ಲದೆ ಹೂಂ ಅಂದಿದ್ದಾರೋ, ನೆನೆಸಿಕೊಂಡರೆ ಭಯವಾಗುತ್ತದೆ.

ಐದು ತಿಂಗಳಾಯಿತು. ಕೇಳಿದಾಗೆಲ್ಲ "ಸರ್ವರ್ ಡೌನ್", "ಆಸ್ಪತ್ರೆಯಲ್ಲಿ ಪೆಂಡಿಂಗ್". ಕೊನೆಗೆ ನಾನೇ ಒಂದು ಬುಧವಾರ ಮಗನನ್ನು ಕರೆದುಕೊಂಡು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೊರಟೆ. ಎರಡು ಬಸ್. ಮಗ ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿಯಲಿಲ್ಲ. ಯಾಕೆ ಅಂತ ನಿಮಗೆ ಹೊಳೆಯಲಿಕ್ಕಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಹೋಗಬೇಕಾದರೆ ನಾನು ಎತ್ತಿಕೊಂಡು ಹೋಗಬೇಕು. 18 ತುಂಬಿದ ಹುಡುಗ ಸರ್. ಹೆಂಗಸರ ಕಡೆ ಕರೆದುಕೊಂಡು ಹೋದರೆ ಬೈಯುತ್ತಾರೆ, ಗಂಡಸರ ಕಡೆ ನಾನು ಹೋಗುವ ಹಾಗಿಲ್ಲ. ಅದಕ್ಕೆ ಅವನು ಊರು ಬಿಟ್ಟು ಹೊರಟ ದಿನ ನೀರೇ ಕುಡಿಯುವುದಿಲ್ಲ.

ಅಂಗವಿಕಲರನ್ನು ಪರೀಕ್ಷೆ ಮಾಡುವ ಕೊಠಡಿ ಇದ್ದದ್ದು ಮೊದಲ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಇದನ್ನು ಇನ್ನೊಂದು ಸಲ ಓದಿ ಸರ್, ಅಂಗವಿಕಲರನ್ನು ಪರೀಕ್ಷೆ ಮಾಡುವ ಕೊಠಡಿ ಮೊದಲ ಮಹಡಿಯಲ್ಲಿತ್ತು. ಹಳೇ ಸರ್ಕಾರಿ ಕಟ್ಟಡಗಳನ್ನೆಲ್ಲ 5 ವರ್ಷದೊಳಗೆ ನಮ್ಮಂಥವರು ಹತ್ತಿ ಇಳಿಯುವ ಹಾಗೆ ಸರಿಮಾಡಬೇಕು ಅಂತ ಕಾಯ್ದೆಯಲ್ಲಿದೆ, ಆ ಗಡುವು 2022ಕ್ಕೇ ಮುಗಿಯಿತು. ಯಾರೋ ಪುಣ್ಯಾತ್ಮ, ತನ್ನ ಹೆಂಡತಿಗೆ ಊಟ ತಂದವನು, ಬುತ್ತಿ ಕೆಳಗಿಟ್ಟು ನನ್ನ ಮಗನ ಕಾಲು ಹಿಡಿದ. ನಾನು ಕಂಕುಳಿಗೆ ಕೈ ಕೊಟ್ಟೆ. ಹಾಗೆ ಹತ್ತಿಸಿದೆವು. ಮೂರು ಗಂಟೆ ಸಾಲಿನಲ್ಲಿ ಕೂತೆವು. ನಮ್ಮ ಸರದಿ ಬಂದಾಗ ಅಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ ಹೇಳಿದ, "ನಿಮಗೆ ಎರಡು ಸಲ ದಿನ ಕೊಟ್ಟಿದ್ದೀವಿ, ನೀವು ಬಂದಿಲ್ಲ. ಮೆಸೇಜ್ ಹೋಗಿದೆಯಲ್ಲ."

ಮೆಸೇಜ್ ಹೋಗಿತ್ತು. ಜೆರಾಕ್ಸ್ ಅಂಗಡಿಗೆ.

ನಾನು ಅಲ್ಲೇ ಅತ್ತುಬಿಟ್ಟೆ. ಮಗ ನನ್ನ ಸೆರಗು ಎಳೆದು "ಅಮ್ಮ, ಹೋಗೋಣ, ದುಡ್ಡು ಬೇಡ" ಅಂದ. ಅವನು ಪೂರ್ತಿ ಒಂದು ವಾಕ್ಯ ಹೇಳಬೇಕಾದರೆ ಎಷ್ಟು ಕಷ್ಟಪಡುತ್ತಾನೆ ಅಂತ ನನಗೆ ಗೊತ್ತು. ಅಷ್ಟು ಕಷ್ಟಪಟ್ಟು ಆಡಿದ ಮಾತು ಅದು.

ವಾಪಸ್ ಬಂದು ಅಂಗಡಿಯವನನ್ನು ಕೇಳಿದರೆ, ಮತ್ತೆ ದಿನ ತೆಗೆದುಕೊಳ್ಳಬೇಕು, ಒಟಿಪಿ ಬರುತ್ತೆ, ಇನ್ನು 2 ಸಾವಿರ ಕೊಡಿ ಅಂದ. ಕೊಟ್ಟೆ. ಹೌದು, ಕೊಟ್ಟೆ. ಯಾಕೆ ಕೊಟ್ಟೆ ಅಂತ ಈಗ ಎಲ್ಲರೂ ಕೇಳುತ್ತಾರೆ, ಪೊಲೀಸರಿಗೆ ದೂರು ಕೊಡಬೇಕಿತ್ತು ಅನ್ನುತ್ತಾರೆ. ಒರಿಜಿನಲ್ ಪ್ರಮಾಣಪತ್ರ ಅವನ ಕೈಯಲ್ಲಿತ್ತು. ರಸೀದಿ ನನ್ನ ಕೈಯಲ್ಲಿ ಇರಲಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಇನ್ನು ನನಗೆ ಅತಿ ಹೆಚ್ಚು ಸಿಟ್ಟು ಬಂದ ವಿಷಯಕ್ಕೆ ಬರುತ್ತೇನೆ. ಇದಾಗಿ ಒಂದು ತಿಂಗಳಿಗೆ ಬ್ಲೌಸ್ ಹೊಲಿಸಲು ಒಬ್ಬ ಹೆಣ್ಣುಮಗಳು ಬಂದಳು. ಕಾಲಿಗೆ ಕ್ಯಾಲಿಪರ್ ಹಾಕಿಕೊಂಡಿದ್ದಳು. ಮಗನನ್ನು ನೋಡಿ ವಿಚಾರಿಸಿದಳು, ಎಲ್ಲ ಹೇಳಿದೆ. ಆಕೆ ಅಳತೆ ಕೊಡುವುದನ್ನು ಬಿಟ್ಟು ಸುಮ್ಮನೆ ಕೂತುಬಿಟ್ಟಳು. "ಅಕ್ಕಾ, ನಾನೇ ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯು. ಇದೇ ನನ್ನ ಕೆಲಸ" ಅಂದಳು.

ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಸರ್ಕಾರವೇ ಗೌರವಧನ ಕೊಟ್ಟು ಇಟ್ಟಿರುವ ಮನುಷ್ಯಳು. ಪಂಚಾಯ್ತಿಗೆ ಒಬ್ಬರು, ತಾಲ್ಲೂಕಿಗೆ ಎಂಆರ್‌ಡಬ್ಲ್ಯು ಅಂತ ಒಬ್ಬರು, ಪಟ್ಟಣಕ್ಕೆ ಯುಆರ್‌ಡಬ್ಲ್ಯು. ಅವರೂ ನಮ್ಮ ಹಾಗೆ ಅಂಗವೈಕಲ್ಯದ ಕಷ್ಟ ಕಂಡವರೇ. ಅರ್ಜಿ ತುಂಬಿಸುವುದು, ಆಸ್ಪತ್ರೆಗೆ ಕಳಿಸುವುದು, ಮಾಸಾಶನ ಕೊಡಿಸುವುದು, ಪಂಚಾಯ್ತಿ ಅಂಗವಿಕಲರಿಗೆ ಅಂತ ಎತ್ತಿಡುವ 5 ಪರ್ಸೆಂಟ್ ಹಣದಲ್ಲಿ ನಮಗೆ ಏನು ಸಿಗುತ್ತದೆ ಅಂತ ಹೇಳುವುದು, ಎಲ್ಲ ಅವರ ಕೆಲಸ. ನಮ್ಮ ಮನೆಯಿಂದ ಪಂಚಾಯ್ತಿ ಆಫೀಸು ಹತ್ತು ನಿಮಿಷದ ದಾರಿ. ಎಷ್ಟೋ ಸಲ ಅದರ ಮುಂದೆಯೇ ನಡೆದು ಹೋಗಿ ಬಸ್ ಹತ್ತಿ, ತಾಲ್ಲೂಕಿಗೆ ಹೋಗಿ, ದುಡ್ಡು ಕೊಟ್ಟು ಮೋಸ ಹೋಗಿದ್ದೇನೆ. ಆಕೆಯ ಹೆಸರು ಪಂಚಾಯ್ತಿ ಗೋಡೆಯ ಮೇಲೆ ಇಲ್ಲ. ಆಕೆಗೆ ಕೂರಲು ಕುರ್ಚಿ, ಮೇಜು ಇಲ್ಲ, ಜನಕ್ಕೆ ಹೇಗೆ ಕಾಣಿಸಬೇಕು?

ಆಕೆ ಮಾಡಿದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಮೊದಲು ಕೇಳಿದ್ದೇ "ನಿಮ್ಮ ಫೋನ್ ನಂಬರ್ ಹೇಳಿ ಅಕ್ಕ" ಅಂತ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಗೆ ಒಂದು ಅರ್ಜಿ ಬರೆಸಿ ನಂಬರ್ ಬದಲಾಯಿಸಿದಳು. ಅಂಗಡಿಗೆ ನನ್ನ ಜೊತೆ ಬಂದು ಒರಿಜಿನಲ್ ವಾಪಸ್ ಕೊಡಿಸಿದಳು. ಅಂಗವಿಕಲರಿಗೆ ಕಾನೂನು ನೆರವು ಉಚಿತ, ಅವನು ತಕರಾರು ಮಾಡಿದರೆ 15100ಕ್ಕೆ ಫೋನ್ ಮಾಡೋಣ ಅಂದಳು, ಅವನ ಎದುರಿಗೇ. ಎಷ್ಟು ಪರ್ಸೆಂಟ್ ಬರಬಹುದು ಅಂತ ಕೇಳಿದ್ದಕ್ಕೆ "ಅದು ಡಾಕ್ಟರು ನೋಡಿ ಬರೆಯೋದು ಅಕ್ಕ, ನಾನು ಹೇಳಬಾರದು" ಅಂದಳು. ಅಷ್ಟು ದಿನದಲ್ಲಿ ನಾನು ಕೇಳಿದ ಮೊದಲ ನೇರ ಮಾತು ಅದು. 70 ಪರ್ಸೆಂಟ್ ಅಂತಲೇ ಬರೆದರು, ಹಳದಿ ಗೆರೆಯ ಕಾರ್ಡು ಬಂತು. 2024ರ ಅಕ್ಟೋಬರ್‌ನಲ್ಲಿ ಮಾಸಾಶನ ಮತ್ತೆ ಶುರುವಾಯಿತು. ಆಕೆ ಒಂದು ಲೋಟ ಕಾಫಿ ಬಿಟ್ಟು ಬೇರೇನೂ ಮುಟ್ಟಲಿಲ್ಲ, ಬ್ಲೌಸಿನ ಮಜೂರಿಯನ್ನೂ ಹಠ ಮಾಡಿ ಕೊಟ್ಟು ಹೋದಳು.

ನಡುವೆ ನಿಂತ 14 ತಿಂಗಳ 11,200 ರೂಪಾಯಿ ಬರಲೇ ಇಲ್ಲ. ದಲ್ಲಾಳಿಗೆ ಕೊಟ್ಟ 6,500 ಬೇರೆ. ಇದು ನಿಮಗೆ ದೊಡ್ಡ ಮೊತ್ತ ಅಲ್ಲದಿರಬಹುದು. ನನಗೆ ಒಂದು ಬ್ಲೌಸಿಗೆ 150 ಸಿಗುತ್ತದೆ. ಲೆಕ್ಕ ನೀವೇ ಹಾಕಿ.

ಹೋದ ವರ್ಷ ನೀವು ಬಸ್ ಸ್ಟ್ಯಾಂಡ್ ಹತ್ತಿರ ಪೆಂಡಾಲ್ ಹಾಕಿಸಿ ತ್ರಿಚಕ್ರ ವಾಹನ ಹಂಚಿದಿರಿ. ಒಳ್ಳೆಯ ಕೆಲಸ, ಪಡೆದವರಿಗೆ ಉಪಕಾರವಾಗಿದೆ. ಆದರೆ ಆ ಪೆಂಡಾಲ್‌ನಲ್ಲಿ ಎರಡು ಗಂಟೆ ಭಾಷಣ ಆಯಿತು, ಈ ವಿಆರ್‌ಡಬ್ಲ್ಯುಗಳನ್ನು ಒಬ್ಬರೂ ವೇದಿಕೆಗೆ ಕರೆದು "ಇವರನ್ನು ಕೇಳಿ, ದುಡ್ಡು ಕೊಡಬೇಡಿ" ಅನ್ನಲಿಲ್ಲ. ಅವರು ಹಿಂದೆ ನಿಂತು ಜನರನ್ನು ಸಾಲು ಮಾಡಿಸುತ್ತಿದ್ದರು. ಒಂದೇ ಒಂದು ಮಾತು ಸರ್. ಮೈಕ್ ನಿಮ್ಮ ಕೈಯಲ್ಲೇ ಇತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಬೋರ್ಡ್ ಹಾಕಿಸಿ. ತಾಲ್ಲೂಕು ಆಫೀಸಿನ ಬಾಗಿಲಲ್ಲಿ, ಆಸ್ಪತ್ರೆಯಲ್ಲಿ, ಪ್ರತಿ ಪಂಚಾಯ್ತಿಯ ಗೋಡೆಯ ಮೇಲೆ. ಅದರಲ್ಲಿ ವಿಆರ್‌ಡಬ್ಲ್ಯು ಹೆಸರು, ಫೋನ್ ನಂಬರು ಇರಲಿ. ಕಾರ್ಡಿನ ಅರ್ಜಿಗೆ ಶುಲ್ಕ ಇಲ್ಲ ಅಂತ ದಪ್ಪ ಅಕ್ಷರದಲ್ಲಿ ಇರಲಿ. ನಿಮ್ಮ ಸ್ವಂತ ಫೋನ್ ನಂಬರೇ ಕೊಡಿ, ಒರಿಜಿನಲ್ ಯಾರ ಕೈಗೂ ಬಿಡಬೇಡಿ ಅಂತ ಇರಲಿ. ಪರ್ಸೆಂಟ್ ಜಾಸ್ತಿ ಮಾಡಿಸ್ತೀನಿ ಅನ್ನುವವನನ್ನು ನಂಬಬೇಡಿ ಅಂತಲೂ ಇರಲಿ. ಓದಲು ಬಾರದವರಿಗೆ, ಕಣ್ಣು ಕಾಣದವರಿಗೆ ಬೋರ್ಡ್ ಸಾಲದು, ಅದಕ್ಕೆ ವಾರಕ್ಕೆ ಎರಡು ದಿನವಾದರೂ ಎಂಆರ್‌ಡಬ್ಲ್ಯು ಅವರನ್ನು ತಾಲ್ಲೂಕು ಆಫೀಸಿನ ಕೆಳಮಹಡಿಯಲ್ಲಿ ಕುರ್ಚಿ ಹಾಕಿ ಕೂರಿಸಿ. ಕಿಟಕಿಯಲ್ಲಿ ಕೂತವರು ಕೈ ತೋರಿಸುವುದಾದರೆ ಆ ಕುರ್ಚಿಯ ಕಡೆ ತೋರಿಸಲಿ, ರಸ್ತೆಯ ಆಚೆಗೆ ಬೇಡ.

ತಾಲ್ಲೂಕಿನಲ್ಲಿ ಸರ್ಕಾರದ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಗೆ ನೀವೇ ಅಧ್ಯಕ್ಷರು. ಮೂರು ತಿಂಗಳಿಗೊಮ್ಮೆ ಎಲ್ಲ ಅಧಿಕಾರಿಗಳೂ ನಿಮ್ಮ ಮುಂದೆ ಕೂರುತ್ತಾರೆ. ಮುಂದಿನ ಸಭೆಯಲ್ಲಿ ಕೇಳಿ, ಬೋರ್ಡ್ ಎಲ್ಲಿ ಅಂತ. ಫೋಟೋ ತೋರಿಸಿ ಅನ್ನಿ. ಅಷ್ಟು ಕೇಳಿದರೆ ಸಾಕು, ಹಾಕುತ್ತಾರೆ.

ಆ ಹಿಂದಿನ ಬೀದಿಯ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಅಂಗಡಿಯವನು ಅವಳಿಗೆ "ಮೊದಲು ಕಾರ್ಡ್ ಆಗಲಿ, ಆಮೇಲೆ ಆಸ್ಪತ್ರೆ" ಅಂದಿದ್ದಾನಂತೆ. ನಾನು ಅವಳನ್ನು ನಮ್ಮ ವಿಆರ್‌ಡಬ್ಲ್ಯು ಹತ್ತಿರ ಕರೆದುಕೊಂಡು ಹೋದೆ. ಮಗುವನ್ನು ನೋಡಿದ ಕೂಡಲೇ ಆಕೆ ಕಾರ್ಡಿನ ಮಾತು ಬದಿಗಿಟ್ಟು, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಈ ವಾರವೇ ಹೋಗಿ, ಕಿವಿಯ ಪರೀಕ್ಷೆ ಮೊದಲು ಆಗಲಿ, ಅರ್ಜಿಯನ್ನು ನಾನು ನೋಡಿಕೊಳ್ಳುತ್ತೇನೆ ಅಂದಳು. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಸಾಧನ, ಬೇಕಾದರೆ ಮಗು ಚಿಕ್ಕದಿದ್ದಾಗಲೇ ಆಗಬೇಕಂತೆ, ವಯಸ್ಸು ದಾಟಿದರೆ ಸರ್ಕಾರದ ನೆರವೂ ಸಿಗುವುದಿಲ್ಲ, ಮಾತು ಕಲಿಯುವುದೂ ಕಷ್ಟವಂತೆ. ನನ್ನ ಮಗನಿಗೆ ಹೋದದ್ದು 14 ತಿಂಗಳ ದುಡ್ಡು. ಈ ಮಗು ಜೆರಾಕ್ಸ್ ಅಂಗಡಿಯಲ್ಲಿ 14 ತಿಂಗಳು ಕಳೆದುಕೊಂಡಿದ್ದರೆ?

ಶುಕ್ರವಾರ ಬೆಳಿಗ್ಗೆ ತಾಯಿ ಮಗಳು ಮೈಸೂರಿನ ಬಸ್ ಹತ್ತುತ್ತಾರೆ. ಬಸ್ ಚಾರ್ಜಿಗೆ ಅವಳ ಹತ್ತಿರ ದುಡ್ಡಿಲ್ಲ, ಇದ್ದ 2 ಸಾವಿರ ಅಂಗಡಿಯಲ್ಲಿದೆ. ನಾನು ಕೊಡುತ್ತಿದ್ದೇನೆ.

ನೀವು ಬೋರ್ಡ್ ಹಾಕಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಹೊಲಿಗೆಯವಳು