ಚೆಕ್ಕಿಗೆ ಎರಡು ಸೈನು, ವೆಬ್‌ಸೈಟಿಗೆ ಒಂದೇ ಓಟಿಪಿ

ಸಂಪಾದಕರೆ,

ಸಂಘ ಸಂಸ್ಥೆಗಳು ಹಳೇ ರೆಕಾರ್ಡಿಂಗು, ಫೋಟೋ ಎಲ್ಲಾ ಆನ್‌ಲೈನಿಗೆ ಹಾಕ್ಬೇಕು ಅಂತ ನಿಮ್ಮ ಪತ್ರಿಕೇಲಿ ಆಗಾಗ ಬರತ್ತೆ, ಹಾಕ್ಲಿ ಒಳ್ಳೇದೇ, ಆದ್ರೆ ಹಾಕಿದ್ಮೇಲೆ ನೋಡ್ಕೊಳ್ಳೋರು ಯಾರು ಅಂತ ಒಬ್ರೂ ಕೇಳಲ್ಲ.

ನಮ್ಮದು ಸಾಗರದ ಕಡೆ ಸಣ್ಣ ಯಕ್ಷಗಾನ ಸಂಘ. ಕ್ಯಾಸೆಟ್ಟಲ್ಲಿದ್ದ ತಾಳಮದ್ದಳೆಗಳನ್ನ ಎಂಪಿತ್ರೀ ಮಾಡಿ, ಕೈಬರಹದ ಪ್ರಸಂಗಗಳನ್ನ ಸ್ಕ್ಯಾನ್ ಮಾಡಿ ವೆಬ್‌ಸೈಟ್ ಮಾಡಿದ್ವಿ. ಮಾಡಿದ್ವಿ ಅಂದ್ರೆ ಎಲ್ಲಾ ಮಾಡಿದ್ದು ಬೆಂಗಳೂರಲ್ಲಿದ್ದ ನಮ್ಮೂರ ಮಾಣಿ (ಹುಡುಗ) ಒಬ್ಬನೇ, ನಾವು ಕ್ಯಾಸೆಟ್ಟು ಚೀಲಕ್ಕೆ ತುಂಬಿ ಬಸ್ಸಿಗೆ ಹಾಕಿದ್ದಷ್ಟೇ. ಡೊಮೇನು, ಅಂದ್ರೆ ಸೈಟಿನ ವಿಳಾಸ, ಅವನ ಹೆಸರಲ್ಲಿ, ದುಡ್ಡು ಅವನ ಕಾರ್ಡಲ್ಲಿ, ಓಟಿಪಿ ಅವನ ಮೊಬೈಲಿಗೆ. ಅವನು ಕೆಲಸದ ಮೇಲೆ ಹೊರದೇಶಕ್ಕೆ ಹೋದ, ಸಿಮ್ ಬಂದ್ ಆಯ್ತು, ರಿನ್ಯೂವಲ್ ಮೇಲು ಯಾರೂ ನೋಡದ ಹಳೇ ಐಡಿಗೆ ಹೋಗ್ತಾ ಇತ್ತು. ಒಂದಿನ ಭಾಗವತರು ಫೋನ್ ಮಾಡಿ "ಏನ್ರೀ, ನಮ್ಮ ಸೈಟ್ ತೆಗೆದ್ರೆ ರಮ್ಮಿ ಆಡಿ ಅಂತ ಬರ್ತಿದೆ" ಅಂದಾಗ್ಲೇ ಗೊತ್ತಾಗಿದ್ದು. ಡಾಟ್ ಕಾಮ್ ಹೆಸರು ಎಕ್ಸ್‌ಪೈರ್ ಆಗಿ ಡಿಲೀಟಿಗೆ ಹೋದ್ಮೇಲೂ 30 ದಿನ ದಂಡ ಕಟ್ಟಿ ಬಿಡಿಸ್ಕೋಬಹುದು, ಅದರ ಮೇಲೆ 5 ದಿನ ಕಳೆದ್ರೆ ಸಿಕ್ಕಿದವರ ಪಾಲು. ನಮಗೆ ಅದೆಲ್ಲಾ ದಾಟಿ ಹೋಗಿತ್ತು. ಹಳೇ ವೆಬ್ ಪುಟಗಳ ಪ್ರತಿ ಇಟ್ಕೊಳ್ಳೋ ವೇಬ್ಯಾಕ್ ಮಷೀನ್ ಅನ್ನೋ ತಾಣದಲ್ಲಿ ಹುಡುಕಿದ್ರೆ ಪುಟಗಳು ಸಿಕ್ವು, ಆಡಿಯೋ ಒತ್ತಿದ್ರೆ ಸದ್ದೇ ಇಲ್ಲ. ಕ್ಯಾಸೆಟ್ಟುಗಳಿಗೆ ಅಷ್ಟೊತ್ತಿಗೆ ಬೂಷ್ಟು ಹಿಡಿದಿತ್ತು, ನಮ್ಮ ಕಡೆ ಮಳೆ ಗೊತ್ತಲ್ಲ.

ಮಾಣೀನ ಬೈಯೋರಿದಾರೆ, ನಾನು ಬೈಯಲ್ಲ. ವರ್ಷಗಟ್ಟಲೆ ಬಿಟ್ಟಿ ದುಡಿದ ಪಾಪ. "ಅವ್ನಿದಾನಲ್ಲ, ನೋಡ್ಕೋತಾನೆ" ಅಂತ ಕೂತಿದ್ದು ನಾವು, ಅದನ್ನ ನಂಬಿಕೆ ಅಂದ್ಕೊಂಡಿದ್ವಿ, ನಿಜ ಹೇಳ್ಬೇಕಂದ್ರೆ ಸೋಮಾರಿತನ. 1960ರ ಸಂಘಗಳ ನೋಂದಣಿ ಕಾಯ್ದೆ ಅಡೀಲಿ ರಿಜಿಸ್ಟರ್ ಆದ ಸಂಘ ಸ್ವಾಮೀ ನಮ್ಮದು, ಐನೂರು ರೂಪಾಯಿ ಚೆಕ್ಕಿಗೂ ಅಧ್ಯಕ್ಷರು ಖಜಾಂಚಿ ಇಬ್ರೂ ಸೈನ್ ಹಾಕ್ಬೇಕು, ಚಾಪುಡಿಗೂ ವೋಚರ್!

ಈಗ ಸೈಟಿಗೆ ಹೊಸ ಡೊಮೇನ್ ತಗೊಂಡಿದೀವಿ, ಸಂಘದ ಖಾತೆಯಿಂದ್ಲೇ 5 ವರ್ಷದ ದುಡ್ಡು ಒಟ್ಟಿಗೆ ಕಟ್ಟಿ, ಮೂರು ಜನಕ್ಕೆ ಬೇರೆಬೇರೆ ಲಾಗಿನ್ ಮಾಡಿ. ಆದ್ರೆ ಲಾಗಿನ್ ಇದ್ರೆ ಏನ್ ಬಂತು, ಕೆಲಸ ಬರ್ಬೇಕಲ್ಲ. ಸೈಟಿಗೆ ಬೀಗದ ಗುರುತು ಬರೋಕೆ ಒಂದು ಸರ್ಟಿಫಿಕೇಟ್ ಬೇಕು, ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯವರು ಫ್ರೀ ಕೊಡೋದನ್ನ ನಾವು ಹಾಕಿರೋದು 90 ದಿನದ್ದು, ತನ್ನಷ್ಟಕ್ಕೇ ರಿನ್ಯೂ ಆಗತ್ತೆ, ಅದು ಕೈಕೊಟ್ರೆ ಮೊದ್ಲೆಲ್ಲಾ ಅವರೇ ಮೇಲ್ ಹಾಕಿ ಎಚ್ಚರಿಸ್ತಿದ್ರು, 2025ರ ಜೂನಿಂದ ಅದನ್ನೂ ನಿಲ್ಸಿದಾರೆ. ಹಾಗಾಗಿ ರಿಟೈರ್ಡ್ ಮೇಷ್ಟ್ರೊಬ್ರು ತಿಂಗಳಿಗೊಂದ್ಸಲ ಸೈಟ್ ತೆಗೆದು ಸರ್ಟಿಫಿಕೇಟ್ ಮುಗಿಯೋ ತಾರೀಖು ನೋಟ್‌ಬುಕ್ಕಲ್ಲಿ ಬರೀತಾರೆ, ಕೋಡು ಗೀಡು ಏನೂ ಬರಲ್ಲ ಅವರಿಗೆ. ಡಿಗ್ರಿ ಓದೋ ಹುಡುಗಿ ಬ್ಯಾಕಪ್ ಇಳಿಸ್ಕೋತಾಳೆ. ಮೊನ್ನೆ ಆ ಬ್ಯಾಕಪ್ಪಿಂದ ಸೈಟ್ ಎಬ್ಸಿ ನೋಡೋಣ ಅಂತ ಕೂತ್ರೆ ಕನ್ನಡ ಅಕ್ಷರ ಇರೋ ಕಡೆಯೆಲ್ಲಾ ಬರೀ ಪ್ರಶ್ನೆಚಿಹ್ನೆ, ಭೀಷ್ಮಪರ್ವಕ್ಕೆ ಒಂಬತ್ತು ಪ್ರಶ್ನೆಚಿಹ್ನೆ! ಸರಿ ಮಾಡೋಕೆ ಎರಡು ವಾರ ಹಿಡೀತು, ಸೈಟ್ ನೆಟ್ಟಗಿದ್ದಾಗ್ಲೇ ಗೊತ್ತಾಗಿದ್ದು ಪುಣ್ಯ. ಕನ್ನಡ ವಿಕಿಪೀಡಿಯದವರು ತಮ್ಮಲ್ಲಿರೋ ಬರಹದ ಪೂರ್ತಿ ಪ್ರತಿ ಯಾರು ಬೇಕಾದ್ರೂ ಇಳಿಸ್ಕೊಳ್ಳೋ ಹಾಗೆ ಇಟ್ಟಿದಾರೆ, ನಾವೂ ಹಾಗೇ ಇಡೋಣ ಅಂತ ಮಾತಾಡ್ತಿದೀವಿ.

ಸಂಘಗಳಿಗೆ ಅನುದಾನ ಕೊಡೋರು ಅರ್ಜೀಲಿ ಒಂದು ಸಾಲು ಸೇರಿಸ್ಲಿ: ಡೊಮೇನ್ ಯಾರ ಹೆಸರಲ್ಲಿದೆ, ಅವರಿಲ್ಲದಿದ್ರೆ ಇನ್ಯಾರು ನೋಡ್ಕೋತಾರೆ. ಮತ್ತೆ ನಮ್ಮ ಹಳೇ ಸೈಟಿಂದ ತಾಳಮದ್ದಳೆ ಇಳಿಸ್ಕೊಂಡೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಪೆನ್‌ಡ್ರೈವಲ್ಲಿ ಹಾಕಿ ತಂದ್ಕೊಡಿ, ಊಟ ನಮ್ಮನೇಲೇ.

– ಸಂಘದ ಹಳೇ ಕಾರ್ಯದರ್ಶಿ, ಸಾಗರ