ಹಡಗಿನ ಸುದ್ದಿಗೆ ಸ್ಕೋರ್‌ಬೋರ್ಡ್ ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಕನ್ನಡದ ಪಾಡ್‌ಕಾಸ್ಟ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಯಾರನ್ನು ಎಷ್ಟು ಜನ ಕೇಳುತ್ತಾರೆ, ಯಾರಿಗೆ ಎಷ್ಟು ಜಾಹೀರಾತು ಸಿಗುತ್ತದೆ ಎಂದೆಲ್ಲ ಇತ್ತು. ಕೇಳುವವರ ಮಾತು ಮಾತ್ರ ಎಲ್ಲೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕುಮಟಾದ ಕಡೆಯವಳು. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು 31 ವರ್ಷವಾಯಿತು. ಮನೆಯಲ್ಲೇ ಸೀರೆಗೆ ಫಾಲ್, ಪಿಕೋ ಮಾಡಿಕೊಡುತ್ತೇನೆ. ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ತನಕ ಪಾಡ್‌ಕಾಸ್ಟ್ ಕೇಳುತ್ತೇನೆ. ಪಿಕೋ ಹಾಕುವಾಗ ಮಷೀನಿನ ಸದ್ದಿಗೆ ಏನೂ ಕೇಳಿಸುವುದಿಲ್ಲ. ಫಾಲಿನ ಮೇಲಂಚನ್ನು ಕೈಯಲ್ಲೇ ಹೊಲಿಯಬೇಕು. ಆಗ ಒಂದು ಮಾತೂ ತಪ್ಪುವುದಿಲ್ಲ.

ನನ್ನ ಮಗ ಮರ್ಚೆಂಟ್ ನೇವಿಯಲ್ಲಿ ಥರ್ಡ್ ಎಂಜಿನಿಯರ್. ಸರಕಿನ ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ.

ಬೆಂಗಳೂರಿನ ಇಬ್ಬರು ಹುಡುಗರು ನಡೆಸುವ ಒಂದು ಪಾಡ್‌ಕಾಸ್ಟ್ ನನಗೆ ಬಹಳ ಇಷ್ಟ. ಹೆಸರು ಬರೆಯುವುದಿಲ್ಲ. ಕ್ರಿಕೆಟ್, ಟಿವಿ ಹಕ್ಕು, ಶೇರು ಪೇಟೆ, ಯುದ್ಧ, ಅಮೆರಿಕದ ಸುಂಕ, ಎಲ್ಲ ಮಾತಾಡುತ್ತಾರೆ. ಐಪಿಎಲ್‌ನ 2023ರಿಂದ 2027ರ ತನಕದ ಪ್ರಸಾರದ ಹಕ್ಕು 48,390 ಕೋಟಿಗೆ ಹೋಯಿತು, ಅಂದರೆ ಒಂದು ಮ್ಯಾಚಿಗೆ ಸುಮಾರು 118 ಕೋಟಿ ಎಂದು ಲೆಕ್ಕ ಹಾಕಿ ಹೇಳಿದ್ದು ಇವರೇ. ಓವರ್ ಮುಗಿದ ಕೂಡಲೇ ಯಾಕೆ ಜಾಹೀರಾತು ಹಾರಿ ಬರುತ್ತದೆ ಎನ್ನುವುದು ಆವತ್ತು ನನಗೆ ಅರ್ಥವಾಯಿತು. ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋದರೆ ಹಡಗಿಗೆ ಹತ್ತು ಹದಿನಾಲ್ಕು ದಿನ ಜಾಸ್ತಿ ಬೇಕು ಎಂದೂ ಮೊದಲು ಕೇಳಿದ್ದು ಅಲ್ಲೇ. ಮಗ ಇಂಥದ್ದನ್ನೆಲ್ಲ ಹೇಳುವುದಿಲ್ಲ. ಅಮ್ಮ ಹೆದರುತ್ತಾಳೆ ಅಂತ ಮುಚ್ಚಿಡುತ್ತಾನೆ. ಕನ್ನಡದಲ್ಲಿ ಇಷ್ಟು ಚೆನ್ನಾಗಿ, ಮನೆಯವರಿಗೆ ಹೇಳುವ ಹಾಗೆ ಹೇಳುವವರು ನನಗೆ ಮೊದಲು ಸಿಕ್ಕಿರಲಿಲ್ಲ. ಅದಕ್ಕೇ ನೋವು ಜಾಸ್ತಿ.

2024ರ ಮಾರ್ಚ್ ತಿಂಗಳ ಮಾತು. ರುಬಿಮಾರ್ ಎಂಬ ಗೊಬ್ಬರದ ಹಡಗಿಗೆ ಯೆಮನ್ ದೇಶದ ಹೂತಿ ಬಂಡುಕೋರರು ಫೆಬ್ರವರಿಯಲ್ಲಿ ಹೊಡೆದಿದ್ದರು. ಅದು ಮಾರ್ಚ್ 2ಕ್ಕೆ ಕೆಂಪು ಸಮುದ್ರದಲ್ಲಿ ಮುಳುಗಿತು. ಹುಡುಗರಲ್ಲಿ ಒಬ್ಬ, 'ಮೊದಲ ವಿಕೆಟ್ ಬಿತ್ತು' ಎಂದ. ಇನ್ನೊಬ್ಬ ನಕ್ಕ. ಆ ಹಡಗಿನ ಜನರೆಲ್ಲ ಬದುಕಿದ್ದರು, ಹಾಗಾಗಿ ನಾನೂ ಸುಮ್ಮನಿದ್ದೆ. ಮಾರ್ಚ್ 6ಕ್ಕೆ ಏಡನ್ ಕೊಲ್ಲಿಯಲ್ಲಿ ಟ್ರೂ ಕಾನ್ಫಿಡೆನ್ಸ್ ಎಂಬ ಹಡಗಿಗೆ ಕ್ಷಿಪಣಿ ಬಿತ್ತು. ಮಾರನೇ ದಿನದ ಕಂತಿನಲ್ಲಿ ಅದೇ ಹುಡುಗ, ಸತ್ತವರಲ್ಲಿ ನಮ್ಮವರೇ ಜಾಸ್ತಿ, ಭಾರತದ ಹುಡುಗರು ಹೋದರು ಎಂದುಬಿಟ್ಟ. ಹಡಗಿನ ಹೆಸರನ್ನೂ ಹೇಳಲಿಲ್ಲ.

ನನ್ನ ಮಗ ಆ ವಾರ ಏಡನ್ ಕೊಲ್ಲಿಯಲ್ಲೇ ಇದ್ದ.

ಕೈಯಲ್ಲಿ ಹಸಿರು ರೇಷ್ಮೆ ಸೀರೆ ಇತ್ತು, ಮೇಲಂಚು ಅರ್ಧ ಹೊಲಿದಿದ್ದೆ. ಸೂಜಿ ಅಲ್ಲೇ ಚುಚ್ಚಿ ಎದ್ದೆ. ಫೋನಿನಲ್ಲಿ ಹಡಗು ಎಲ್ಲಿದೆ ಎಂದು ತೋರಿಸುವ ಆ್ಯಪ್ ಇದೆ, ಮಗನೇ ಹಾಕಿಕೊಟ್ಟಿದ್ದು. ನೋಡಿದರೆ ಅವನ ಹಡಗೇ ಇಲ್ಲ. ಅಪಾಯದ ಜಾಗದಲ್ಲಿ ಹಡಗಿನವರು ಆ ಸಿಗ್ನಲ್ ಆರಿಸಿಬಿಡುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಸುತ್ತ ಇದ್ದ ಬೇರೆ ಹಡಗುಗಳ ಮೇಲೆ ಬೆರಳಿಟ್ಟು ನೋಡಿದೆ. ಯಾವ ಊರಿಗೆ ಹೊರಟಿದೆ ಎಂದು ಬರೆಯುವ ಜಾಗದಲ್ಲಿ ಊರಿನ ಹೆಸರಿರಲಿಲ್ಲ. ಒಂದು ಹಡಗು 'ಆಲ್ ಚೈನೀಸ್ ಕ್ರೂ' ಎಂದು ಬರೆದುಕೊಂಡಿತ್ತು. ಇನ್ನೊಂದು 'ಆರ್ಮ್ಡ್ ಗಾರ್ಡ್ ಆನ್ ಬೋರ್ಡ್' ಎಂದು. ನಮಗೆ ಹೊಡೆಯಬೇಡಿ ಅಂತ ಕೈಮುಗಿದ ಹಾಗೆ ಕಂಡಿತು ನನಗೆ. ಅಂಧೇರಿಯಲ್ಲಿರುವ ಏಜೆಂಟರ ಆಫೀಸಿಗೆ ಹನ್ನೊಂದು ಸಲ ಫೋನ್ ಹಚ್ಚಿದೆ. ಮಧ್ಯಾಹ್ನ ಎರಡೂವರೆಗೆ ಮಗನ ವಾಟ್ಸಾಪ್ ಬಂತು: 'ಅಮ್ಮ, ನಾನು ಆರಾಮ. ಊಟ ಆಯ್ತು.'

ನಿಜ ಏನಾಗಿತ್ತು? ಟ್ರೂ ಕಾನ್ಫಿಡೆನ್ಸ್ ಹಡಗಿನಲ್ಲಿ ಸತ್ತವರು ಮೂವರು. ಇಬ್ಬರು ಫಿಲಿಪೀನ್ಸಿನವರು, ಒಬ್ಬ ವಿಯೆಟ್ನಾಮಿನವ. ಹಡಗಿನ 21 ಜನರನ್ನು ನಮ್ಮ ನೌಕಾಪಡೆಯ ಐಎನ್‌ಎಸ್ ಕೋಲ್ಕತಾ ರಕ್ಷಿಸಿತು. ಅವರಲ್ಲಿ ಭಾರತೀಯ ಒಬ್ಬನೇ. ಇದೆಲ್ಲ ಮಾರನೇ ದಿನವೇ ಪತ್ರಿಕೆಯಲ್ಲಿತ್ತು. ಸತ್ತವರು ಫಿಲಿಪೀನ್ಸಿನವರು ಎಂದು ನನಗೆ ಸಮಾಧಾನವಾಯಿತು ಎಂದು ಯಾರೂ ತಿಳಿಯಬಾರದು. ಅವರ ಮನೆಯಲ್ಲೂ ಒಬ್ಬ ತಾಯಿ ಫೋನ್ ಹಿಡಿದು ಕೂತಿದ್ದಳು, ಅವಳಿಗೆ ಮೆಸೇಜ್ ಬರಲಿಲ್ಲ.

ಹುಡುಗರು ಏನು ಮಾಡಿದರು ಗೊತ್ತಾ? ಆ ಮಾತನ್ನು ಕತ್ತರಿಸಿ ಅದೇ ಕಂತನ್ನು ಮತ್ತೆ ಹಾಕಿದರು. ಮುಂದಿನ ಕಂತಿನಲ್ಲಿ ಅದರ ಸುದ್ದಿಯೇ ಇಲ್ಲ. ನಾನು ಇಮೇಲ್ ಬರೆಸಿದೆ, ಉತ್ತರ ಬರಲಿಲ್ಲ. ನಿಮ್ಮ ಪತ್ರಿಕೆಯಲ್ಲಿ ಒಂದು ಹೆಸರು ತಪ್ಪಾದರೂ ಮಾರನೇ ದಿನ 'ತಿದ್ದುಪಡಿ' ಎಂದು ಪೆಟ್ಟಿಗೆಯಲ್ಲಿ ಬರುತ್ತದೆ. ಬಾಯಲ್ಲಿ ಹೇಳಿದ ತಪ್ಪನ್ನು ಬಾಯಲ್ಲೇ ತಿದ್ದಬೇಕು ಅಲ್ವಾ? ಸುಮ್ನೆ ಕತ್ತರಿಸಿದರೆ, ಮೊದಲೇ ಕೇಳಿದವರ ಮನಸ್ಸಿನಲ್ಲಿ ಆ ಸುಳ್ಳು ಹಾಗೇ ಉಳಿಯುತ್ತದೆ.

2025ರ ಮೇ ತಿಂಗಳಲ್ಲಿ, ಭಾರತ–ಪಾಕಿಸ್ತಾನದ ಸಂಘರ್ಷದ ಹೊತ್ತಿಗೆ, ಮತ್ತೆ ಅದೇ ಆಯಿತು. ಮೇ 8ರ ರಾತ್ರಿ ಧರ್ಮಶಾಲೆಯ ಪಂಜಾಬ್–ಡೆಲ್ಲಿ ಮ್ಯಾಚು ಅರ್ಧಕ್ಕೇ ನಿಂತಿತು. ಮಾರನೇ ದಿನ ಐಪಿಎಲ್ ಒಂದು ವಾರ ನಿಲ್ಲಿಸಿದರು. ಅದೇ ರಾತ್ರಿ ಕೆಲವು ಟಿವಿ ಚಾನೆಲ್‌ಗಳು ಕರಾಚಿ ಬಂದರಿಗೆ ನಮ್ಮ ನೌಕಾಪಡೆ ಹೊಡೆಯಿತು ಎಂದು ಕೂಗಿದವು. ಸುಳ್ಳು ಸುದ್ದಿ. ಬೆಳಿಗ್ಗೆ ಹುಡುಗರು ಅದನ್ನೇ ಇನ್ನೂ ರಂಗಾಗಿ ಹೇಳಿದರು. ಮ್ಯಾಚು ನಿಂತರೆ ಪ್ರಸಾರದವರಿಗೆ ಎಷ್ಟು ನಷ್ಟ ಎಂಬುದಕ್ಕೆ ಮುಕ್ಕಾಲು ಗಂಟೆ. ಪೂಂಛಿನಲ್ಲಿ ಶೆಲ್ ಬಿದ್ದು ಸತ್ತ ಜನರಿಗೆ ಎರಡು ವಾಕ್ಯ. ನಷ್ಟದ ಲೆಕ್ಕ ಹೇಳಬಾರದು ಎನ್ನುವುದಿಲ್ಲ ನಾನು. ಆ ಲೆಕ್ಕ ನನಗೂ ಬೇಕು, ಅದಕ್ಕೇ ಕೇಳುತ್ತೇನೆ. ಆದರೆ ಮ್ಯಾಚಿನ ಬಗ್ಗೆ ಮಾತಾಡುವ ಧ್ವನಿಯಲ್ಲೇ ಯುದ್ಧದ ಬಗ್ಗೆ ಮಾತಾಡಬಾರದು. ಮ್ಯಾಚಿನಲ್ಲಿ ಔಟಾದವನು ಮರುದಿನ ಮತ್ತೆ ಬ್ಯಾಟ್ ಹಿಡಿದು ಬರುತ್ತಾನೆ.

ಇವರ ಕಾರ್ಯಕ್ರಮದಲ್ಲಿ ಕೆಂಪು ಸಮುದ್ರದ ಬಗ್ಗೆ ಮಾತಾಡಲು ಶೇರು ತಜ್ಞರು ಬಂದಿದ್ದಾರೆ. ನಿವೃತ್ತ ಅಧಿಕಾರಿಗಳು ಬಂದಿದ್ದಾರೆ. ಹಡಗಿನಲ್ಲಿ ಕೆಲಸ ಮಾಡುವ ಒಬ್ಬನೂ ಬಂದಿಲ್ಲ. ಜಗತ್ತಿನ ಹಡಗುಗಳಲ್ಲಿ ದುಡಿಯುವವರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು ನಮ್ಮ ದೇಶದವರು. ಕಾರವಾರದಿಂದ ಮಂಗಳೂರಿನ ತನಕ ಊರೂರಿನಲ್ಲಿ ಇಂಥ ಮನೆಗಳಿವೆ. ಅವರ ಕಾಗದಪತ್ರದ ಕಚೇರಿ, ಡಿಜಿ ಶಿಪ್ಪಿಂಗ್, ಇಲ್ಲೇ ಮುಂಬೈಯ ಕಾಂಜೂರ್‌ಮಾರ್ಗದಲ್ಲಿದೆ. ಅದರ ಗೇಟಿನ ಹೊರಗೆ ಹತ್ತು ನಿಮಿಷ ನಿಂತರೆ ಕನ್ನಡ, ಕೊಂಕಣಿ, ತುಳು ಎಲ್ಲ ಕಿವಿಗೆ ಬೀಳುತ್ತವೆ.

ನಾವಿಕರನ್ನು ಕೇಳಿದರೆ ಬೇರೆಯೇ ವಿಷಯ ಸಿಗುತ್ತದೆ. ವಿಮೆಯ ಮಾತು ಎಲ್ಲರೂ ಆಡುತ್ತಾರೆ. 2024ರ ಶುರುವಿನಲ್ಲಿ ಕೆಂಪು ಸಮುದ್ರದ ದಾರಿ ಒಂದು ಸಲ ದಾಟಲು ಯುದ್ಧದ ವಿಮೆಯೇ ಹಡಗಿನ ಬೆಲೆಯ ನೂರರಲ್ಲಿ ಒಂದು ಪಾಲಿನ ಹತ್ತಿರ ಹೋಗಿತ್ತು. ಹಡಗಿನ ಬೆಲೆ 400 ಕೋಟಿ ಇದ್ದರೆ ವಿಮೆಗೇ ನಾಲ್ಕು ಕೋಟಿಯ ತನಕ. ಸರಿ. ಹಡಗಿನಲ್ಲಿ ದುಡಿಯುವ ಹುಡುಗರಿಗೆ? ಒಳ್ಳೆಯ ಒಪ್ಪಂದ ಇದ್ದರೆ ಅಂಥ ಜಾಗದಲ್ಲಿ ಜಾಸ್ತಿ ಸಂಬಳ ಇದೆ, ಬರುವುದಿಲ್ಲ ಎನ್ನುವ ಹಕ್ಕೂ ಇದೆ. ಕಾಗದದ ಮೇಲೆ. 'ಬರುವುದಿಲ್ಲ ಎಂದರೆ ಮುಂದಿನ ಕಾಂಟ್ರ್ಯಾಕ್ಟ್ ಯಾರು ಕೊಡುತ್ತಾರೆ ಅಮ್ಮ?' ಎಂದು ಮಗ ಕೇಳಿದ. ಅವನ ಓದಿಗೆ ಮಾಡಿದ ಸಾಲ ಇನ್ನೂ ಎರಡು ವರ್ಷ ಇದೆ. ಗ್ಯಾಲಕ್ಸಿ ಲೀಡರ್ ಹಡಗಿನ 25 ಜನರನ್ನು ಹೂತಿಗಳು 2023ರ ನವೆಂಬರಿನಲ್ಲಿ ಹಿಡಿದುಕೊಂಡು ಹೋದರು, ಬಿಟ್ಟಿದ್ದು 2025ರ ಜನವರಿಯಲ್ಲಿ. ಹದಿನಾಲ್ಕು ತಿಂಗಳು. ಅವರು ಏನು ತಿಂದರು, ಮನೆಯವರ ಜೊತೆ ಮಾತಾಡಿದರಾ ಎಂದು ಒಂದು ಕಂತಾದರೂ ಮಾಡಬಹುದಿತ್ತು. ಮಾರ್ಲಿನ್ ಲುವಾಂಡಾ ಎಂಬ ಹಡಗಿಗೆ 2024ರ ಜನವರಿಯಲ್ಲಿ ಬೆಂಕಿ ಬಿದ್ದಾಗ ಅದರಲ್ಲಿ 22 ಭಾರತೀಯರಿದ್ದರು. ಐಎನ್‌ಎಸ್ ವಿಶಾಖಪಟ್ಟಣದವರ ಜೊತೆ ಸೇರಿ ಬೆಂಕಿ ಆರಿಸಿ ಹಡಗು ಉಳಿಸಿದರು. ಇದಕ್ಕಿಂತ ದೊಡ್ಡ ಆಟ ಯಾವ ಸ್ಟೇಡಿಯಮ್ಮಿನಲ್ಲಿದೆ?

ನಿಮ್ಮಲ್ಲಿ ಒಂದು ವಿನಂತಿ. ಪಾಡ್‌ಕಾಸ್ಟ್‌ಗಳ ಬಗ್ಗೆ ಬರೆಯುವಾಗ ಎಷ್ಟು ಜನ ಕೇಳುತ್ತಾರೆ ಎಂಬುದರ ಜೊತೆಗೆ, ಹೇಳಿದ್ದು ನಿಜವಾ, ತಪ್ಪಾದರೆ ತಿದ್ದಿದರಾ ಎಂದೂ ಬರೆಯಿರಿ. ಸಿನಿಮಾಕ್ಕೆ ವಿಮರ್ಶೆ ಇದೆ, ಪುಸ್ತಕಕ್ಕಿದೆ, ಇದಕ್ಕೂ ವಾರಕ್ಕೆ ಅರ್ಧ ಕಾಲಂ ಕೊಡಿ.

ಆ ಇಬ್ಬರು ಹುಡುಗರು ಇದನ್ನು ಓದಿದರೆ, ಅವರಿಗೂ ಒಂದು ಮಾತು. ನಾನು ನಿಮ್ಮನ್ನು ಕೇಳುವುದು ಬಿಟ್ಟಿಲ್ಲ. ನನ್ನ ಮಗ ಈಗ ರಜೆಯಲ್ಲಿದ್ದಾನೆ. ಎಂಜಿನ್ ರೂಮಿನಿಂದ ಯುದ್ಧ ಹೇಗೆ ಕಾಣುತ್ತದೆ ಎಂದು ನಿಮ್ಮ ಜೊತೆ ಮಾತಾಡಲು ಒಪ್ಪಿದ್ದಾನೆ. ನಂಬರ್ ಪತ್ರಿಕೆಯವರ ಹತ್ತಿರ ಕೊಟ್ಟಿರುತ್ತೇನೆ. 18ನೇ ತಾರೀಕಿನ ತನಕ ಮನೆಯಲ್ಲಿರುತ್ತಾನೆ, ಆಮೇಲೆ ಹಡಗು ಹತ್ತುತ್ತಾನೆ. ಸಂಜೆ ಏಳರ ನಂತರ ಫೋನ್ ಮಾಡಿ.

– ಒಬ್ಬ ನಾವಿಕನ ತಾಯಿ, ಡೊಂಬಿವಲಿ ಪೂರ್ವ